ಎಂಟನೆಯ ಮೆಟ್ಟಿಲಿನ ದರ್ಜಿ

ಸೋಪಿನಿಂದ ಹೆಸರು ಮಾಡಿದವರು ಲೋಕದಲ್ಲಿ ಎರಡೇ ಬಗೆ. ಸೋಪು ತಯಾರಿಸಿದವರದು ಒಂದು ಬಗೆ, ನನ್ನದು ಇನ್ನೊಂದು. ಅವರಿಗೆ ಕಾರ್ಖಾನೆ ಬೇಕಾಯಿತು. ನನಗೆ ದೇವರ ದಯೆಯಿಂದ ಅದೂ ಬೇಕಾಗಲಿಲ್ಲ. ಕುಳಿತಲ್ಲೇ ಒಂದು ಸಂಖ್ಯೆ ಆರಿಸಿದೆ, ಅಷ್ಟೆ.

ನಾನು ದರ್ಜಿ. ಅಂಗಡಿ ಕಟ್ಟಡದ ಒಳಗೆ, ನಡುದಾರಿ ತಿರುಗುವಲ್ಲಿ, ನೀರಿನ ನಲ್ಲಿಯ ಪಕ್ಕದ ಕಿಟಕಿ ಕೋಣೆಯಲ್ಲಿ ಬಾಳೆಲ್ಲ ಹೊಲಿದವನು. ನಾನು ಮಿಷನ್ನಿನ ಮುಂದೆ, ನನ್ನ ಹೆಂಡತಿ ಕಿಟಕಿಯ ಕೆಳಗೆ ಒಂದು ಸ್ಟೂಲಿನ ಮೇಲೆ. ಕಾಜಾ, ಅಂದರೆ ಗುಂಡಿ ತೂರುವ ಕಣ್ಣು, ಹೊಲಿಯುವುದು ಅವಳ ಕೆಲಸ. ಸಂಜೆಯ ಬಿಸಿಲು ಆ ಕಿಟಕಿಯಿಂದ ಸೀದಾ ಅವಳ ಮಡಿಲಿಗೆ ಬೀಳುತ್ತಿತ್ತು. ಆಮೇಲೆ ಕಟ್ಟಡದ ಚಾವಣಿ ರಿಪೇರಿಗೆ ಬಂತು. ನಮ್ಮನ್ನೆಲ್ಲ ಎದುರಿನ ತಗಡಿನ ಶೆಡ್ಡಿಗೆ ಕಳಿಸಿದರು. ಚಾವಣಿ ಸರಿಯಾಗುವುದರೊಳಗೆ ಅವಳು ಹೊರಟುಹೋದಳು. ದೇವರ ಲೆಕ್ಕವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಆಕೆ ನನಗೆಂದು ಹೊಲಿಯುತ್ತಿದ್ದ ಬಿಳಿ ಅಂಗಿಯಲ್ಲಿ ಮೇಲಿನ ಕಾಜಾ ಒಂದು ಬಾಕಿ ಉಳಿಯಿತು. ಅದನ್ನು ಹಾಗೆಯೇ, ಕತ್ತಿನ ಗುಂಡಿ ಹಾಕದೆ ತೊಡುತ್ತೇನೆ.

ಈ ಅಂಗಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದಕ್ಕೂ ಕೀರ್ತಿ ಬರಲಿದೆ.

ಒಂದು ದಿನ ಕಾಲೇಜಿನ ಸಂಶೋಧನೆಯ ಹುಡುಗಿಯೊಬ್ಬಳು ಅಂಗಿ ಬಿಗಿ ಮಾಡಿಸಲು ಶೆಡ್ಡಿಗೆ ಬಂದಳು. ಹೋಗುವಾಗ, "ತಾತ, ನಮ್ಮ ಕಾಲೇಜಲ್ಲಿ ಒಂದು ಆಟ ಇದೆ. ಆಡೋಕೆ ಜನ ಬೇಕು. ಬರ್ತೀರಾ?" ಅಂದಳು.

"ಈ ಮಂಡಿ ಇಟ್ಕೊಂಡು ಆಟವೇನಮ್ಮ?"

"ಕೂತು ಆಡೋ ಆಟ ತಾತ."

ನನ್ನ ನಾದಿನಿ ಆಗ ಊಟದ ಡಬ್ಬಿ ತಂದು ಅಲ್ಲೇ ನಿಂತಿದ್ದಳು. ಅಕ್ಕ ಹೋದ ಮೇಲೆ ನನ್ನನ್ನು ಬೈಯುವ ಅಧಿಕಾರ ತಂಗಿಗೆ ಬಂದಿದೆ. "ಹೋಗಿ ಭಾವ. ಇಲ್ಲಿ ಗೋಡೆ ನೋಡ್ತಾ ಕೂರೋದಕ್ಕಿಂತ ಅಲ್ಲಿನ ಗೋಡೆ ನೋಡಿ ಬನ್ನಿ," ಅಂದಳು. ಹೋದೆ.

ಅಲ್ಲಿ ನನ್ನನ್ನು ಒಂದು ಪುಟ್ಟ ಕೋಣೆಯಲ್ಲಿ, ಅಂಕಿ ಬರೆದ ಗುಂಡಿಗಳಿದ್ದ ಒಂದು ಪೆಟ್ಟಿಗೆಯ ಮುಂದೆ ಕೂರಿಸಿ ಹುಡುಗಿ ಹೇಳಿದಳು: "ಹನ್ನೊಂದರಿಂದ ಇಪ್ಪತ್ತರ ಒಳಗೆ ನಿಮಗೆಷ್ಟು ಸೋಪು ಬೇಕೋ ಒತ್ತಿ ತಾತ. ಕೇಳಿದಷ್ಟು ಕೊಡ್ತೀವಿ, ಅದು ಖಂಡಿತ. ಪಕ್ಕದ ಕೋಣೇಲಿ ಇನ್ನೊಬ್ರು ಇದಾರೆ. ಅವರನ್ನ ನೋಡೋ ಹಾಗಿಲ್ಲ, ಮಾತಾಡ್ಸೋ ಹಾಗಿಲ್ಲ. ಅವರು ಕೇಳಿದ್ದಕ್ಕಿಂತ ಸರಿಯಾಗಿ ಒಂದೇ ಒಂದು ಕಡಿಮೆ ನೀವು ಕೇಳಿದ್ರೆ, ಅದರ ಮೇಲೆ ಇನ್ನೂ ಇಪ್ಪತ್ತು ಸೋಪು."

ನಮ್ಮವಳು ಪಕ್ಕದಲ್ಲಿದ್ದಿದ್ದರೆ ಮೊಣಕೈ ಚಿವುಟಿ, "ಇಪ್ಪತ್ತು ಒತ್ತಿ, ಸುಮ್ನೆ," ಅನ್ನುತ್ತಿದ್ದಳು. ಕೈಗೆ ಬಂದದ್ದನ್ನು ಬಿಟ್ಟು ಬಾರದ್ದಕ್ಕೆ ಬಾಯಿ ಬಿಡುವವಳಲ್ಲ. ನಾನೂ ಅವಳ ಕಾಲದಲ್ಲಿ ಹಾಗೆಯೇ ಇದ್ದೆ. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ಮತ್ತೆ ವಾಪಸು ಬಂದು ಬೀಗ ಜಗ್ಗಿ ನೋಡುವ ಜಾತಿ. ಈಗ ಪಕ್ಕದಲ್ಲಿ ಚಿವುಟುವವರಿರಲಿಲ್ಲ. ವರ್ಷಕ್ಕೆ ಹನ್ನೆರಡು ತಿಂಗಳು, ಒಬ್ಬ ಮನುಷ್ಯನಿಗೆ ತಿಂಗಳಿಗೊಂದು ಸೋಪು. ಹನ್ನೆರಡು ಒತ್ತಿದೆ. ಮಿಕ್ಕದ್ದು ಹೋದರೆ ಹೋಗಲಿ. ಹೋಗಬಾರದ್ದೇ ಹೋಗಿಯಾಗಿದೆ, ಸೋಪಿಗೇನು ಅಳುವುದು?

ಪಕ್ಕದ ಕೋಣೆಯವರು ಹದಿಮೂರು ಒತ್ತಿದ್ದರು.

ಹುಡುಗಿ ಓಡಿಬಂದಳು. "ತಾತ! ಎಂಟನೇ ಮೆಟ್ಟಿಲು!"

"ಎಲ್ಲಿದೆಯಮ್ಮ?" ಎಂದು ನಾನು ಕಾಲು ಎತ್ತಿದೆ.

ಅವಳು ವಿವರಿಸಿದಳು. ಇಪ್ಪತ್ತು ಕೇಳಿದವನು ಎದುರಿನವನ ವಿಷಯ ಯೋಚಿಸದೆ ನೆಲದ ಮೇಲೆಯೇ ನಿಂತವನಂತೆ. ಎದುರಿನವನು ಇಪ್ಪತ್ತು ಕೇಳುತ್ತಾನೆಂದು ಊಹಿಸಿ ಹತ್ತೊಂಬತ್ತು ಕೇಳಿದವನು ಒಂದು ಮೆಟ್ಟಿಲು ಹತ್ತಿದವನು. ನಾನು ಹಾಗೆ ಊಹಿಸುತ್ತೇನೆಂದು ಅವನು ಊಹಿಸುತ್ತಾನೆಂದು ಊಹಿಸಿ ಹದಿನೆಂಟು ಕೇಳಿದವನು ಎರಡನೆಯ ಮೆಟ್ಟಿಲು. ಲೋಕದಲ್ಲಿ ಬಹಳ ಮಂದಿ ಮೂರರಲ್ಲಿ ಏದುಸಿರು ಬಿಡುತ್ತಾರಂತೆ. ಹನ್ನೆರಡೆಂದರೆ ಎಂಟು. ಮಂಡಿ ನೋವಿನವನೊಬ್ಬ ಅಷ್ಟು ಹತ್ತಿದ್ದು ನನಗೇ ಆಶ್ಚರ್ಯವಾಯಿತು. ತಿಂಗಳ ಲೆಕ್ಕ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯ ಕಣ್ಣಿನಲ್ಲಿ ನನ್ನ ಬಗ್ಗೆ ಒಂದು ಗೌರವ ಕಂಡಿತು. ಬಾಯಿ ಮುಚ್ಚಿಕೊಂಡೆ. ಮನುಷ್ಯ ದುರ್ಬಲ.

ಸೋಪಿನ ಮೂಟೆ ಹೊತ್ತು ಹೊರಗೆ ಬಂದರೆ ಪಕ್ಕದ ಕೋಣೆಯಿಂದ ಬಂದವರು ಯಾರು? ನಮ್ಮ ಶೆಡ್ಡಿನ ಗಡಿಯಾರ ರಿಪೇರಿಯವರು!

"ನೀವಾ ಟೈಲರ್ರೇ?" ಅಂದರು. ನನ್ನ ಮೂಟೆ ನೋಡಿದರು, ತಮ್ಮ ಪೊಟ್ಟಣ ನೋಡಿಕೊಂಡರು. "ಏನು ತಲೆ ರೀ ನಿಮ್ಮದು! ನಾನು ಏಳನೇ ಮೆಟ್ಟಿಲಲ್ಲಿ ಅವಿತುಕೊಂಡಿದ್ರೆ, ಮೇಲೆ ಬಂದು ನೆತ್ತಿ ಮೇಲೆ ಕೂತುಬಿಟ್ರಲ್ಲ!"

ಆ ಸಂಜೆಯೊಳಗೆ ಶೆಡ್ಡಿಗೆಲ್ಲ ಸುದ್ದಿ ಹಬ್ಬಿತು. ಹಬ್ಬಿಸಿದವರು ಗಡಿಯಾರದವರೇ. ಎಂಟನೆಯವನು ಎಷ್ಟು ದೊಡ್ಡವನಾದರೆ ಏಳನೆಯವರೂ ಅಷ್ಟು ದೊಡ್ಡವರಾಗುತ್ತಾರಲ್ಲ.

ಬೀಗದ ಕೈ ಮಾಡುವವನು ಮೊದಲು ಬಂದ. "ಟೈಲರಣ್ಣ, ನನ್ನ ಗಿರಾಕಿ ಒಬ್ಬ ಎರಡನೇ ಕೀ ಮಾಡಿಸ್ಕೊಂಡು ಹೋದ. ಯಾಕಿರಬಹುದು?"

ನಾನು ಕತ್ತರಿ ಕೆಳಗಿಟ್ಟೆ. ಮೊದಲಾಗಿದ್ದರೆ 'ನನಗೇನು ಗೊತ್ತು' ಅನ್ನುತ್ತಿದ್ದೆ. ಈಗ ಸ್ವಲ್ಪ ಹೊತ್ತು ತಗಡು ನೋಡಿ, "ಮೊದಲನೇದು ಇದೆಯಲ್ಲ..." ಅಂದೆ.

"ಅಯ್ಯಪ್ಪಾ!" ಎಂದು ಅವನು ಹಣೆ ಹಿಡಿದುಕೊಂಡ. ಏನು ಅರ್ಥವಾಯಿತೋ ದೇವರೇ ಬಲ್ಲ. ಮರುದಿನ ಅವನೂ ಕತ್ತಿನ ಗುಂಡಿ ಬಿಚ್ಚಿಕೊಂಡು ಬಂದ. ದೊಡ್ಡ ಯೋಚನೆ ಮಾಡುವವರು ಕತ್ತಿಗೆ ಗಾಳಿ ಬಿಡಬೇಕಂತೆ; ಟೈಲರಣ್ಣನನ್ನೇ ನೋಡಿ ಅಂದನಂತೆ.

ನಾದಿನಿಯೊಬ್ಬಳೇ ನಂಬದವಳು. "ಎಂಟು ಮೆಟ್ಟಿಲಂತೆ! ಡಬ್ಬಿ ಮುಚ್ಚಳ ಯಾವ ಕಡೆ ತಿರುಗುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ," ಅಂದಳು. ಆದರೆ ಹೋಗುವಾಗ ಹತ್ತು ಸೋಪು ಚೀಲಕ್ಕೆ ಹಾಕಿಕೊಂಡಳು.

ಈ ಕೀರ್ತಿಯನ್ನು ನಾನು ಹೀಗೆಯೇ ಸುಖವಾಗಿ ಅನುಭವಿಸುತ್ತಿದ್ದೆ. ಅಷ್ಟರಲ್ಲಿ ಕಟ್ಟಡ ನೋಡಿಕೊಳ್ಳುವ ಆಫೀಸಿನ ಸಾಹೇಬರು ಬಂದು ಶೆಡ್ಡಿನ ನಡುವೆ ಕುರ್ಚಿ ಹಾಕಿಸಿಕೊಂಡರು. ಚಾವಣಿ ಮುಗಿದಿದೆ, ಎಲ್ಲರೂ ಒಳಗೆ ಹೋಗಬಹುದು. ಹಳೆಯ ಕೋಣೆ ಹಳಬರಿಗೆ ಎಂಬ ಮಾತಿಲ್ಲ, ಹೊಸದಾಗಿ ಹಂಚಿಕೆ.

"ಶಿಫಾರಸು ಬೇಡ, ಜಗಳ ಬೇಡ," ಅಂದರು ಸಾಹೇಬರು. "ಪ್ರತಿಯೊಬ್ರೂ ಒಂದು ಚೀಟೀಲಿ ನಿಮಗೆ ಬೇಕಾದ ಕೋಣೆ ಬರೀರಿ. ಒಬ್ಬರೇ ಕೇಳಿದ್ರೆ ಅದು ಅವರದ್ದು. ಇಬ್ಬರು ಒಂದೇ ಕೋಣೆ ಕೇಳಿದ್ರೆ ಇಬ್ಬರಿಗೂ ಇಲ್ಲ. ಕೋಣೆಗೆ ಬೀಗ, ನೀವು ಇದೇ ಶೆಡ್ಡಲ್ಲಿ. ಅಷ್ಟು ಧೈರ್ಯ ಇಲ್ದೋರು ಹಿಂಭಾಗದ ಹಜಾರ ಅಂತ ಬರೀರಿ. ಅಲ್ಲಿ ಎಷ್ಟು ಜನಕ್ಕಾದ್ರೂ ಜಾಗ ಇದೆ, ಅದು ಖಂಡಿತ."

ಹಜಾರಕ್ಕೆ ಕಿಟಕಿಯಿಲ್ಲ. ಹಗಲಲ್ಲೂ ದೀಪ ಹಾಕಬೇಕು.

ನನ್ನ ಎದೆ ಹಗುರಾಯಿತು. ಎಲ್ಲರಿಗೂ ಬೀದಿಗೆ ಮುಖಮಾಡಿದ ಮುಂದಿನ ಕೋಣೆಗಳ ಮೇಲೆ ಕಣ್ಣು. ನಲ್ಲಿಯ ಪಕ್ಕದ ಆ ಮೂಲೆ ಗಿರಾಕಿಗೆ ಕಾಣುವುದಿಲ್ಲ, ಗೋಡೆ ಸದಾ ತೇವ. ಕೊಟ್ಟರೂ ಬೇಡ ಅನ್ನುವ ಕೋಣೆ ಅದು. ಅಲ್ಲೇ ಎದ್ದು ನಿಂತು ಹೇಳಿದೆ: "ಸ್ವಾಮಿ, ನನಗೆ ಆ ಕಿಟಕಿ ಕೋಣೆ ಸಾಕು. ನಾನು ಅದನ್ನೇ ಬರೆಯೋನು. ಎಲ್ಲರಿಗೂ ಮೊದಲೇ ಹೇಳ್ತಿದೀನಿ."

ಗಡಿಯಾರದವರು ಕಣ್ಣಿನ ಭೂತಗಾಜು ತೆಗೆದು ನನ್ನನ್ನೇ ನೋಡಿದರು.

ಆ ಮಧ್ಯಾಹ್ನ ನಾನು ಕಟ್ಟಡದ ಒಳಗೆ ಹೋದೆ. ನಮ್ಮ ಕೋಣೆಯನ್ನು ಒಮ್ಮೆ ನೋಡಿ ಬರಬೇಕೆಂಬ ಆಸೆ. ನೋಡಿದರೆ ಅಲ್ಲಿ ಅರ್ಧ ಮಾರುಕಟ್ಟೆ ಸೇರಿದೆ! ಒಬ್ಬ ಗೋಡೆ ತಟ್ಟಿ ಕಿವಿಗೊಡುತ್ತಿದ್ದಾನೆ. ಇನ್ನೊಬ್ಬ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಯಾವ ರಸ್ತೆ ಬರಲಿದೆ ಎಂದು ಹುಡುಕುತ್ತಿದ್ದಾನೆ. ಬೀಗದ ಕೈಯವನು ನೆಲದ ಕಲ್ಲನ್ನು ಹಿಮ್ಮಡಿಯಿಂದ ಕುಟ್ಟುತ್ತಿದ್ದಾನೆ.

"ಏನ್ರಯ್ಯಾ ಇದು?"

"ಏನಿಲ್ಲ ಬಿಡಿ," ಅಂದ ಅವನು ನಗುತ್ತ. "ಎಂಟನೇ ಮೆಟ್ಟಿಲಿನವರು ತೇವದ ಕೋಣೆ ಕೇಳ್ತಾರೆ ಅಂದ್ರೆ ಸುಮ್ಸುಮ್ನೆ ಕೇಳ್ತಾರಾ?"

"ಅಲ್ಲಿ ಬೆಳಕು ಚೆನ್ನಾಗಿದೆ ಕಣಪ್ಪ, ಕಾಜಾಗೆ."

"ಕಾಜಾಗೆ!" ಎಂದು ಅವನು ಗಡಿಯಾರದವರ ಮುಖ ನೋಡಿದ. ಅವರು ನಿಧಾನವಾಗಿ ತಲೆಯಾಡಿಸಿ, "ನೋಡಿದ್ಯಾ, ಎಷ್ಟು ಸಲೀಸಾಗಿ ಬಂತು ಉತ್ತರ," ಅಂದರು.

ಆಗ ನನಗೆ ಮೊದಲ ಬಾರಿ ಅಪಾಯ ಹೊಳೆಯಿತು. ನಾನು ಬಯಸಿದ್ದನ್ನೆಲ್ಲ ಇವರು ಬಯಸುತ್ತಾರೆ. ಇನ್ನೊಬ್ಬನೇ ಒಬ್ಬ ಅದನ್ನು ಬರೆದರೂ ಅವಳ ಕಿಟಕಿಗೆ ಬೀಗ. ಲೋಕದಲ್ಲಿ ದಡ್ಡನೆನಿಸಿಕೊಳ್ಳಲು ಮನುಷ್ಯ ಪರದಾಡಿದ್ದನ್ನು ನೀವು ಕಂಡಿದ್ದೀರೋ ಇಲ್ಲವೋ. ನಾನು ಪರದಾಡಿದೆ. ಬೇಕೆಂದೇ ಒಬ್ಬರ ಪೈಜಾಮಕ್ಕೆ ಮೂರು ಕಾಲು ಕತ್ತರಿಸಿದೆ. "ಮೂರನೇದು ಯಾಕಿರಬಹುದು?" ಎಂದು ಶೆಡ್ಡೆಲ್ಲ ಚರ್ಚೆಯಾಯಿತು. ತಿಂಗಳಿಗೊಂದು ಸೋಪಿನ ಲೆಕ್ಕ ಹೇಳಿದೆ. "ವಿನಯ," ಅಂದರು.

ಕೊನೆಗೆ ಸಂಶೋಧನೆಯ ಹುಡುಗಿಯೇ ಬಂದಳು. ಅವಳ ಕೈಯಲ್ಲೊಂದು ನಾಣ್ಯ.

"ತಾತ, ನಮ್ಮ ಮೇಷ್ಟ್ರು ನನ್ನ ಲೆಕ್ಕ ನೋಡಿ ಗದರಿಸಿದ್ರು," ಅಂದಳು. "ಕಡಿಮೆ ಕೇಳಿದೋರೆಲ್ಲ ಆಳವಾಗಿ ಯೋಚನೆ ಮಾಡಿದೋರು ಅಂತ ಹೇಗೆ ಬರೀತೀಯ, ಕಳ್ಕೊಳ್ಳೋ ಭಯ ಇಲ್ದೇ ಇರೋರೂ ಕಡಿಮೆ ಕೇಳ್ತಾರೆ, ಭಯ ಇರೋ ಜಾಣರು ಇಪ್ಪತ್ತೇ ಕೇಳಿ ಸುಮ್ನಾಗ್ತಾರೆ, ಮೊದಲು ಭಯ ಅಳೆದು ಬಾ ಅಂದ್ರು."

ಇದು ನನಗೆ ಅರ್ಥವಾಯಿತು. ಟೇಪು ಸುತ್ತಿದೊಡನೆ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿ ಇರುತ್ತಾನಲ್ಲ, ಹಾಗೆ; ಟೇಪು ಹೇಳುವ ಅಳತೆ ನಿಜವಾದ ಹೊಟ್ಟೆಯದಲ್ಲ.

"ಹತ್ತು ಸೋಪು ಖಂಡಿತ. ಅಥವಾ ನಾಣ್ಯ ಚಿಮ್ಮೋಣ. ತಲೆ ಬಿದ್ರೆ ಇಪ್ಪತ್ತು, ಇಲ್ಲಾಂದ್ರೆ ಏನೂ ಇಲ್ಲ. ಯಾವುದು?" ಅಂದಳು ಹುಡುಗಿ.

"ಚಿಮ್ಮು."

"ತಲೆ ಬಿದ್ರೆ ಹದಿನೈದೇ ಅಂದ್ರೆ?"

"ಚಿಮ್ಮಮ್ಮ."

"ಹನ್ನೊಂದು?"

"ಚಿಮ್ಮೇಬಿಡು ತಾಯಿ, ಎಷ್ಟು ಹೊತ್ತು ಹಿಡ್ಕೊಂಡಿರ್ತೀಯ?"

ಅವಳು ನಾಣ್ಯ ಕೆಳಗಿಟ್ಟಳು. "ತಾತ, ನಿಮಗೆ ಕಳ್ಕೊಳ್ಳೋ ಭಯವೇ ಇಲ್ವಾ?"

"ಇತ್ತಮ್ಮ. ತುಂಬಾ ಇತ್ತು," ಅಂದೆ.

ನಾನು ಅವಳ ಕೈ ಹಿಡಿದುಕೊಂಡು ಕಿಟಕಿಯ ಸಂಗತಿ ಹೇಳಿದೆ. ಅವಳು ಒಳ್ಳೆಯ ಮಗು. ತಕ್ಷಣ ಎದ್ದು ಶೆಡ್ಡಿನ ನಡುವೆ ನಿಂತು, "ಎಲ್ರೂ ಕೇಳಿ! ನನ್ನ ಲೆಕ್ಕ ತಪ್ಪಾಗಿತ್ತು. ಈ ತಾತ ಎಂಟನೇ ಮೆಟ್ಟಿಲಲ್ಲಿ ಇಲ್ಲ. ಇವರು ಯೋಚನೆಯನ್ನೇ ಮಾಡಿರಲಿಲ್ಲ!" ಎಂದು ಸಾರಿದಳು.

ಇಷ್ಟು ಸ್ಪಷ್ಟವಾಗಿ ನನ್ನ ಪರವಾಗಿ ಯಾರೂ ಯಾವತ್ತೂ ಮಾತಾಡಿರಲಿಲ್ಲ. ಜನ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಗಡಿಯಾರದವರು ಬೀಗದ ಕೈಯವನ ಕಿವಿಯಲ್ಲಿ, ಇಡೀ ಶೆಡ್ಡಿಗೆ ಕೇಳುವ ಹಾಗೆ, "ಕಾಲೇಜನ್ನೂ ಬುಟ್ಟಿಗೆ ಹಾಕ್ಕೊಂಡಿದ್ದಾರೆ," ಅಂದರು.

ಚೀಟಿಯ ದಿನ ಬಂತು. ಸಾಹೇಬರು ಮೇಜಿನ ಮೇಲೆ ಒಂದು ಡಬ್ಬ ಇಟ್ಟುಕೊಂಡು ಕುಳಿತರು. ನಾದಿನಿ ನನ್ನ ಜೊತೆ ಬಂದಳು. ಹುಡುಗಿಯೂ ಬಂದು ಗೋಡೆಗೆ ಒರಗಿ ನಿಂತಳು.

"ಭಾವ, ಹಜಾರ ಅಂತ ಬರೀರಿ," ಅಂದಳು ನಾದಿನಿ ಮೆಲ್ಲಗೆ. "ಇವರೆಲ್ಲ ಆ ಕೋಣೆ ಮೇಲೆ ಬಿದ್ದಿದಾರೆ. ಶೆಡ್ಡೇ ಗತಿಯಾದ್ರೆ ಬಿಸಿಲಿಗೆ ಬೆಂದುಹೋಗ್ತೀರ. ಅಕ್ಕ ಇದ್ದಿದ್ರೆ ಹಜಾರಾನೇ ಬರೆಸ್ತಿದ್ಲು. ಖಂಡಿತವಾದ್ದನ್ನ ಬಿಡ್ತಿರಲಿಲ್ಲ."

ನಿಜ. ಬರೆಸುತ್ತಿದ್ದಳು. ಮೊಣಕೈ ಚಿವುಟಿ ಬರೆಸುತ್ತಿದ್ದಳು.

ಪೆನ್ನು ಹಿಡಿದೆ. ನೋಡಿದರೆ ಕೈ ನಡುಗುತ್ತಿದೆ! ಸೂಜಿಗೆ ದಾರ ಪೋಣಿಸುವಾಗಲೂ ನಡುಗದ ಕೈ. ಅಂಗೈ ಬೆವರಿ ಚೀಟಿ ಒದ್ದೆಯಾಯಿತು. ಹುಡುಗಿ ಗೋಡೆ ಬಿಟ್ಟು ಹತ್ತಿರ ಬಂದು, "ತಾತ, ನಾಣ್ಯಕ್ಕೆ ಹೀಗೆ ನಡುಗಲಿಲ್ವಲ್ಲ," ಅಂದಳು.

"ಅದು ಸೋಪಾಗಿತ್ತಮ್ಮ," ಅಂದೆ.

ದೇವರನ್ನು ನೆನೆದೆ. 'ಅವಳನ್ನು ಕೊಡು ಅಂತ ಕೇಳುತ್ತಿಲ್ಲ, ಅವಳ ಬೆಳಕು ಬೀಳುತ್ತಿದ್ದ ಜಾಗ ಕೊಡು' ಅಂದೆ. ವಕ್ರವಕ್ರವಾಗಿ 'ಕಿಟಕಿ ಕೋಣೆ' ಎಂದು ಬರೆದು ಡಬ್ಬಕ್ಕೆ ಹಾಕಿದೆ. ಹಾಕಿದ ಮೇಲೆ ಕೈ ಹೊರಗೆ ತೆಗೆಯಲು ಮನಸ್ಸಾಗದೆ, ಸಾಹೇಬರೇ ಹಿಡಿದು ತೆಗೆಯಬೇಕಾಯಿತು.

ಸಾಹೇಬರು ಚೀಟಿ ಬಿಚ್ಚತೊಡಗಿದರು.

"ಹಜಾರ," ಅಂದರು. ಇನ್ನೊಂದು ಬಿಚ್ಚಿದರು. "ಹಜಾರ." ಮತ್ತೊಂದು. "ಹಜಾರ. ಹಜಾರ... ಇದೂ ಹಜಾರ." ಅವರ ದನಿಯಲ್ಲಿ ಬೇಸರ ಬಂತು, ಆಮೇಲೆ ಅನುಮಾನ ಬಂತು. "ಕಿಟಕಿ ಕೋಣೆ," ಅಂದಾಗ ನಾದಿನಿ ನನ್ನ ತೋಳು ಹಿಡಿದಳು. ಇನ್ನೂ ಚೀಟಿಗಳಿದ್ದವು. "ಹಜಾರ. ಹಜಾರ." ಡಬ್ಬ ಬೋರಲು ಹಾಕಿ ತಟ್ಟಿದರು. ಮುಗಿದಿತ್ತು.

"ಏನ್ರೀ ಇದು?" ಎಂದು ಸಾಹೇಬರು ಎದ್ದು ನಿಂತರು. "ಬೀದಿಗೆ ಬಾಗಿಲಿರೋ ಕೋಣೆಗಳು ಸಾಲಾಗಿ ಖಾಲಿ ಬಿದ್ದಿವೆ. ಒಬ್ಬರಿಗೂ ಬೇಡ್ವಾ? ಒಬ್ರಾದ್ರೂ ತಲೆ ಉಪಯೋಗಿಸಬಾರದಾ?"

"ಉಪಯೋಗಿಸಿದ್ವಿ ಸಾರ್!" ಎಂದು ಗಡಿಯಾರದವರು ಅಳುದನಿಯಲ್ಲಿ ಕೂಗಿದರು. "ಇವರು ಕಿಟಕಿ ಕೋಣೆ ಅಂದ್ರು. ಅಂದ್ರೆ ನಮ್ಮನ್ನ ಅಲ್ಲಿಗೆ ತಳ್ಳಿ ತಾವು ಮುಂದಿನ ಮೊದಲನೇ ಕೋಣೆ ಬರೀತಾರೆ ಅಂದ್ಕೊಂಡೆ. ನಾನು ಹಾಗಂದ್ಕೊಳ್ತೀನಿ ಅಂತ ಅವರಿಗೆ ಗೊತ್ತಿರುತ್ತೆ, ಅದಕ್ಕೆ ಎರಡನೇದು ಬರೀತಾರೆ ಅಂದ್ಕೊಂಡೆ. ಅದೂ ನನಗೆ ಹೊಳೆಯುತ್ತೆ ಅಂತ ಅವರಿಗೆ ಹೊಳೆದಿದ್ರೆ? ಯಾವ ಕೋಣೆ ಬಾಗಿಲಲ್ಲಿ ನೋಡಿದ್ರೂ ಇವರೇ ನಿಂತಿದಾರೆ ಸಾರ್. ಸಾಕಪ್ಪಾ, ಶೆಡ್ಡಿಗಿಂತ ಹಜಾರ ವಾಸಿ ಅಂತ ಬರೆದುಬಿಟ್ಟೆ."

"ನಾನೂ!" ಅಂದ ಬೀಗದ ಕೈಯವನು. "ನಾನೂ, ನಾನೂ," ಎಂದು ಉಳಿದವರೆಲ್ಲ ಅಂದರು.

ಸಂಶೋಧನೆಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. "ನನ್ನ ಹಳೇ ಅಳತೆ ಪ್ರಕಾರ ಇವರೆಲ್ಲ ನೆಲದ ಮೇಲೇ ನಿಂತೋರು, ಯೋಚನೆಯನ್ನೇ ಮಾಡದೋರು," ಅಂದಳು. "ಪಾಪ, ಹತ್ತು ಮೆಟ್ಟಿಲು ಹತ್ತಿ ಹೆದರಿ ಇಳಿದು ಬಂದಿದಾರೆ. ನಮ್ಮ ಮೇಷ್ಟ್ರನ್ನ ಕರ್ಕೊಂಡು ಬರಬೇಕಿತ್ತು."

ಮುಂದಿನ ಕೋಣೆಗಳ ಗತಿ ಏನಾಯಿತೆಂಬುದು ಆಫೀಸಿನವರ ತಲೆನೋವು. ನಮ್ಮ ಕಥೆ ನಲ್ಲಿಯ ಪಕ್ಕದ್ದು.

ಮಿಷನ್ನು ಹಳೆಯ ಜಾಗಕ್ಕೆ ಬಂತು. ನಾದಿನಿ ಗೋಡೆ ಒರೆಸಿ, ಸ್ಟೂಲನ್ನು ಕಿಟಕಿಯ ಕೆಳಗೆ ತಾನೇ ಇಟ್ಟು, ಒಂದು ಮಾತೂ ಬೈಯದೆ ಮನೆಗೆ ಹೋದಳು. ಹುಡುಗಿ ಹೊರಡುವ ಮೊದಲು ನಾಣ್ಯ ತೆಗೆದಳು. "ತಾತ, ಒಂದೇ ಒಂದು ಕೊನೇ ಪ್ರಶ್ನೆ. ಈ ಕೋಣೆ ಖಂಡಿತ. ಅಥವಾ ಚಿಮ್ಮೋಣ, ತಲೆ ಬಿದ್ರೆ ಬೀದಿ ಕಡೆಯ ಎರಡು ಕೋಣೆ..."

ನಾನು ನಾಣ್ಯ ಕಿತ್ತುಕೊಂಡು ಮಿಷನ್ನಿನ ಖಾನೆಗೆ ಹಾಕಿ ಬೀಗ ಹಾಕಿದೆ. ಆಮೇಲೆ ಬೀಗ ಜಗ್ಗಿ ನೋಡಿದೆ.

"ಭಯ ವಾಪಸ್ ಬಂತಲ್ಲ ತಾತ," ಎಂದು ಅವಳು ನಕ್ಕು ಹೋದಳು.

ಗಡಿಯಾರದವರು ನಲ್ಲಿಗೆ ನೀರು ಹಿಡಿಯಲು ಬಂದರು. ಕತ್ತಲ ಹಜಾರದಲ್ಲಿ ಕೂತು ಅವರ ಹಮ್ಮು ಸ್ವಲ್ಪ ಇಳಿದಿತ್ತು. "ಟೈಲರ್ರೇ, ಒಂದು ಮಾತು ಯಾರಿಗೂ ಹೇಳ್ಬೇಡಿ. ಅವತ್ತು ನಾನು ಬೇಕೂಂತ ಹದಿಮೂರು ಒತ್ತಲಿಲ್ಲ. ಹದಿನೆಂಟು ಒತ್ತಿದೆ ಅಂದ್ಕೊಂಡಿದ್ದೆ. ಕನ್ನಡಕ ಮರೆತು ಹೋಗಿದ್ದೆ," ಅಂದರು.

"ಯಾರು ನಂಬ್ತಾರೆ ಬಿಡಿ," ಅಂದೆ. ಅವರು ಸಮಾಧಾನವಾಗಿ ಕೊಡಕ್ಕೆ ನಲ್ಲಿ ಬಿಟ್ಟರು.

ಸಂಜೆಯಾಗುತ್ತಿತ್ತು. ನಾನು ಬಿಳಿ ಅಂಗಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಸೂಜಿಗೆ ದಾರ ಪೋಣಿಸಿ, ಅವಳ ಸ್ಟೂಲಿನ ಮೇಲೆ ಕುಳಿತೆ. ಬಾಕಿ ಉಳಿದ ಕಾಜಾ ಇವತ್ತು ಮುಗಿಸಿಬಿಡೋಣ ಎಂದುಕೊಂಡಿದ್ದೆ. ಬಿಸಿಲು ಕಿಟಕಿಯ ಸರಳಿನ ನಡುವೆ ಇಳಿದು, ನೆಲದ ಮೇಲೆ ನಿಧಾನವಾಗಿ ಹತ್ತಿರ ಬಂದು, ಸ್ಟೂಲಿನ ಕಾಲು ಮುಟ್ಟಿತು. ನನ್ನ ಕೈ ಅಂಗಿಯ ಮೇಲೆ ಹಾಗೆಯೇ ನಿಂತಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಎದ್ದು, ಪಕ್ಕಕ್ಕೆ ಸರಿದು, ನೆಲದ ಮೇಲೆ ಕುಳಿತೆ. ಬೆಳಕು ಬಂದು ಸ್ಟೂಲಿನ ಮೇಲೆ ಕೂತಿತು.

ಬಾಗಿಲಲ್ಲಿ ಬೀಗದ ಕೈಯವನ ದನಿ ಕೇಳಿಸಿತು. "ಇದ್ಯಾಕೆ ಟೈಲರಣ್ಣ ಸ್ಟೂಲ್ ಬಿಟ್ಟು ನೆಲದ ಮೇಲೆ..."

"ಷ್!" ಅಂದರು ಗಡಿಯಾರದವರು, ಕೊಡ ಹಿಡಿದುಕೊಂಡೇ. "ಮಾತಾಡಿಸ್ಬೇಡ. ಒಂಬತ್ತನೇ ಮೆಟ್ಟಿಲಲ್ಲಿದ್ದಾರೆ."